ಗೋಡೆ ಬೀರುವಿನೊಳಗಿನ ತೋಟಕ್ಕೆ ಗಾಳಿಯ ದಾರಿ

ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ ಗೋಡೆ ಬೀರುವಿನಿಂದ ರೇಷ್ಮೆ ಸೀರೆಯೊಂದನ್ನು ಹೊರತೆಗೆದಾಗ, ಅದರ ಅಂಚಿನ ಮಡಿಕೆಯುದ್ದಕ್ಕೂ ಬೂದು ಬಣ್ಣದ ಬೂಷ್ಟು ಚುಕ್ಕೆ ಚುಕ್ಕೆಯಾಗಿ ಕೂತಿತ್ತು. ಅದು ನನ್ನ ಮದುವೆಯ ಧಾರೆ ಸೀರೆ. ಅದೇ ಬೀರುವಿನ ಇನ್ನೊಂದು ಭಾಗದಲ್ಲಿ, ತೆಳುವಾದ ಪ್ಲೈವುಡ್ ಗೋಡೆಯ ಆಚೆ, ತಿಂಗಳ ಹಿಂದೆ ನಾನು ನಿಲ್ಲಿಸಿದ್ದ ಗ್ರೋ ಟೆಂಟ್, ಅಂದರೆ ದೀಪದ ಬೆಳಕಿನಲ್ಲಿ ಗಿಡ ಬೆಳೆಸುವ ಬಟ್ಟೆಯ ಗೂಡು, ಇತ್ತು. ಸೀರೆಗೆ ಹತ್ತಿದ ಬೂಷ್ಟಿಗೂ ಟೆಂಟಿನೊಳಗಿನ ಕೊತ್ತಂಬರಿಗೂ ಸಂಬಂಧವಿದೆ ಎಂಬುದು ಆ ಕ್ಷಣವೇ ಹೊಳೆಯಿತು. ಆದರೆ ಆ ಸಂಬಂಧ ಎಂಥದ್ದು ಎಂದು ಸರಿಯಾಗಿ ತಿಳಿದುಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ಮನೆಯೊಳಗೆ ಗಿಡ ಬೆಳೆಸಲು ಹೊರಡುವವರು ದೀಪ, ಗೊಬ್ಬರ, ಬೀಜಗಳ ಬಗ್ಗೆ ಬಹಳ ಯೋಚಿಸುತ್ತಾರೆ, ಗಾಳಿಯ ಬಗ್ಗೆ ಕಡಿಮೆ. ಆದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾವು ಬಾಡಿಗೆಗಿರುವುದು ಮೈಸೂರಿನ ಕುವೆಂಪುನಗರದ ಒಂದು ನೆಲಮಹಡಿಯ ಮನೆಯಲ್ಲಿ. ಕಿಟಕಿಗಳಿಗೆ ಪಕ್ಕದ ಕಟ್ಟಡದ ನೆರಳು ಬೀಳುತ್ತದೆ, ತಾರಸಿಯ ಮೇಲೆ ಕುಂಡ ಇಟ್ಟರೆ ಕೋತಿಗಳು ಉಳಿಸುವುದಿಲ್ಲ. ಹೀಗಾಗಿ ಬಟ್ಟೆ ತೂಗುಹಾಕಲೆಂದು ಮಾಡಿದ್ದ ಬೀರುವಿನ ಭಾಗವನ್ನು ಖಾಲಿ ಮಾಡಿ, ಅಲ್ಲಿ 60 ಸೆಂಟಿಮೀಟರ್ ಉದ್ದಗಲದ, 140 ಸೆಂಟಿಮೀಟರ್ ಎತ್ತರದ ಟೆಂಟನ್ನು ನಿಲ್ಲಿಸಿದೆ. ಮೇಲೆ 100 ವಾಟಿನ ಎಲ್‌ಇಡಿ ದೀಪ, ಕೆಳಗೆ ಕೊತ್ತಂಬರಿ, ಲೆಟ್ಯೂಸ್ ಮತ್ತು ಬದನೆ ಸಸಿಗಳ ಟ್ರೇಗಳು. ಟೆಂಟಿನ ನೆತ್ತಿಗೆ ಕೊಳವೆಯ ಮೂಲಕ ಗಾಳಿ ದೂಡುವ ನಾಲ್ಕು ಇಂಚಿನ ಇನ್‌ಲೈನ್ ಫ್ಯಾನ್ ಕಟ್ಟಿ, ಅದರ ಕೊಳವೆಯ ಬಾಯನ್ನು ಬೀರುವಿನೊಳಗೇ ಬಿಟ್ಟು, ಬಾಗಿಲು ಮುಚ್ಚಿದೆ. ಫ್ಯಾನ್ ತಿರುಗುತ್ತಿದೆಯಾದ್ದರಿಂದ ಗಾಳಿಯ ವ್ಯವಸ್ಥೆ ಮುಗಿಯಿತು ಎಂದುಕೊಂಡಿದ್ದೆ.

ಸೀರೆ ಹಾಳಾದ ದಿನ ಅಡುಗೆಮನೆಯಲ್ಲಿದ್ದ ಉಷ್ಣತೆ ಮತ್ತು ತೇವ ತೋರಿಸುವ ಸಣ್ಣ ಮಾಪಕವನ್ನು ತಂದು ಮೂರು ಕಡೆ ಇಟ್ಟು ನೋಡಿದೆ. ಕೋಣೆಯಲ್ಲಿ 26 ಡಿಗ್ರಿ ಇತ್ತು. ಟೆಂಟಿನೊಳಗೆ 33 ಡಿಗ್ರಿ, ತೇವ ನೂರಕ್ಕೆ ತೊಂಬತ್ತರ ಹತ್ತಿರ. ಟೆಂಟಿನ ಹೊರಗೆ, ಆದರೆ ಬೀರುವಿನ ಒಳಗೆ, 31 ಡಿಗ್ರಿ. ಈ ಕೊನೆಯ ಅಂಕಿಯೇ ಎಲ್ಲವನ್ನೂ ಹೇಳಿಬಿಟ್ಟಿತು. ಫ್ಯಾನ್ ಹೊರದೂಡಿದ ಬಿಸಿಗಾಳಿ ಬೀರುವಿನಲ್ಲೇ ಸುತ್ತಿ, ಟೆಂಟಿನ ಕೆಳಗಿನ ಕಿಂಡಿಯಿಂದ ಮತ್ತೆ ಒಳಗೆ ಹೋಗುತ್ತಿತ್ತು. ನಾನು ಗಾಳಿಯನ್ನು ಬದಲಿಸುತ್ತಿರಲಿಲ್ಲ, ಇದ್ದದ್ದನ್ನೇ ತಿರುಗಿಸುತ್ತಿದ್ದೆ.

ಲೆಕ್ಕ ಹಾಕಿ ನೋಡಿದರೆ ಇದರ ತೀವ್ರತೆ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಬೀರುವಿನ ಒಟ್ಟು ಗಾಳಿ ಸುಮಾರು 1.8 ಘನ ಮೀಟರ್. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಅಂದರೆ ಇಡೀ ಬೀರುವಿಗೆ ನಲವತ್ತು ಗ್ರಾಂ ಚಿಲ್ಲರೆ. ನಾನು ದಿನಕ್ಕೆ ಹಾಕುತ್ತಿದ್ದ ನೀರು ಒಂದು ಲೀಟರ್. ಗಿಡ ತನ್ನ ಮೈಗೆ ಉಳಿಸಿಕೊಳ್ಳುವುದು ಅದರಲ್ಲಿ ತೀರ ಸ್ವಲ್ಪ, ಮಿಕ್ಕದ್ದೆಲ್ಲ ಎಲೆ ಮತ್ತು ಮಣ್ಣಿನಿಂದ ಆವಿಯಾಗಿ ಗಾಳಿಗೆ ಸೇರುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಆ ತೇವ ಪ್ಲೈವುಡ್ಡಿಗೆ, ಹಿಂದಿನ ಗೋಡೆಗೆ, ಕೊನೆಗೆ ಸೀರೆಗೆ ಇಳಿದಿತ್ತು.

ಬಿಸಿಯ ಲೆಕ್ಕವೂ ಹೀಗೆಯೇ. ದೀಪದಿಂದ ಬೆಳಕಾಗಿ ಹೊರಟದ್ದೂ ಎಲೆ, ಮಣ್ಣು, ಟೆಂಟಿನ ಗೋಡೆಗಳ ಮೇಲೆ ಬಿದ್ದು ಬಹುಪಾಲು ಶಾಖವೇ ಆಗುತ್ತದೆ. ಆದ್ದರಿಂದ 100 ವಾಟಿನ ದೀಪವನ್ನು 100 ವಾಟಿನ ಒಲೆಯೆಂದೇ ತಿಳಿಯಬೇಕು. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೂಲ್ ಸಾಕು. ಟೆಂಟು ಹೊರಗಿನ ಗಾಳಿಗಿಂತ 5 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದರೆ ಗಂಟೆಗೆ ಸುಮಾರು 60 ಘನ ಮೀಟರ್ ಗಾಳಿ ಹರಿಯಬೇಕು; 3 ಡಿಗ್ರಿಯೊಳಗೆ ಹಿಡಿದಿಡಬೇಕು ಎಂದರೆ 100. ಎಲೆಗಳು ನೀರನ್ನು ಆವಿ ಮಾಡುವಾಗ ಒಂದಿಷ್ಟು ಶಾಖ ಅದಕ್ಕೆ ಖರ್ಚಾಗುತ್ತದೆಯಾದರೂ ಅದು ತೇವದ ರೂಪದಲ್ಲಿ ಮತ್ತೆ ನಮ್ಮ ತಲೆಗೇ ಬರುತ್ತದೆ. ಟೆಂಟಿನ ಗಾತ್ರ ಅರ್ಧ ಘನ ಮೀಟರ್ ಆದ್ದರಿಂದ ಗಂಟೆಗೆ 60 ಎಂದರೆ ನಿಮಿಷಕ್ಕೆ ಎರಡು ಬಾರಿ ಒಳಗಿನ ಗಾಳಿ ಪೂರ್ತಿ ಬದಲಾದಂತೆ. ಫ್ಯಾನಿನ ಡಬ್ಬಿಯ ಮೇಲೆ ಇದಕ್ಕಿಂತ ಬಹಳ ದೊಡ್ಡ ಅಂಕಿ ಇರುತ್ತದೆ, ಆದರೆ ಅದು ಕೊಳವೆ, ತಿರುವು, ಜಾಲರಿ ಯಾವುದೂ ಇಲ್ಲದೆ ಬರಿದಾಗಿ ತಿರುಗಿದಾಗಿನ ಅಂಕಿ.

ಇದನ್ನೆಲ್ಲ ಲೆಕ್ಕಕ್ಕಿಂತ ಚೆನ್ನಾಗಿ ನನಗೆ ಅರ್ಥ ಮಾಡಿಸಿದ್ದು ಮಂಡ್ಯದ ಕಡೆಯ ನಮ್ಮೂರಿನ ಆಲೆಮನೆ. ಆಗಸ್ಟಿನಲ್ಲಿ ಹಬ್ಬಕ್ಕೆಂದು ಊರಿಗೆ ಹೋದಾಗ ಸೋದರಮಾವನ ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿಯುವುದನ್ನು ನೋಡುತ್ತ ನಿಂತಿದ್ದೆ. ಒಲೆಯ ಬಾಯಿಗೆ ಯಾರೂ ಗಾಳಿ ಊದುವುದಿಲ್ಲ. ಆ ಕೊನೆಯಲ್ಲಿರುವ ಎತ್ತರದ ಚಿಮಣಿಯಲ್ಲಿ ಬಿಸಿ ಹೊಗೆ ಮೇಲೇರುತ್ತದೆ, ಅದು ಬಿಟ್ಟ ಜಾಗಕ್ಕೆ ಈ ಬಾಯಿಂದ ಹೊಸ ಗಾಳಿ ತಾನಾಗಿ ನುಗ್ಗುತ್ತದೆ. ಚಿಮಣಿಯ ಬುಡದಲ್ಲಿ ಬೂದಿ ತುಂಬಿದ ದಿನ ಹೊಗೆಯೆಲ್ಲ ಒಲೆಯ ಬಾಯಿಂದಲೇ ವಾಪಸು ಬರುತ್ತದೆ. ನನ್ನ ಬೀರುವಿನ ಕಥೆ ಹೇಳಿದಾಗ ಮಾವ, ‘ಮೇಲಕ್ಕೋಗೋ ದಾರಿ ಕಟ್ಕೊಂಡ್ರೆ ಕೆಳಗಿಂದ ಗಾಳಿ ಎಲ್ಲಿಂದ ಬತ್ತದವ್ವ?’ ಎಂದರು. ಟೆಂಟಿಗೆ ಬೇಕಾದದ್ದೂ ಇಷ್ಟೇ ಆಗಿತ್ತು: ಬಿಸಿಗಾಳಿ ಟೆಂಟಿನಿಂದಷ್ಟೇ ಅಲ್ಲ, ಬೀರುವಿನಿಂದಷ್ಟೇ ಅಲ್ಲ, ಮನೆಯಿಂದಲೇ ಹೊರಗೆ ಹೋಗಬೇಕು.

ಬಾಡಿಗೆ ಮನೆಯಲ್ಲಿ ಗೋಡೆ ಒಡೆಯುವಂತಿಲ್ಲ. ಆದರೆ ನಮ್ಮ ಕೋಣೆಯಲ್ಲಿ ಬೀರುವಿನ ಪಕ್ಕದ ಗೋಡೆಯ ಮೇಲುಭಾಗದಲ್ಲಿ ಹಳೆಯ ಕಾಲದ ಗಾಜಿನ ವೆಂಟಿಲೇಟರ್ ಇದೆ. ಮಾಲೀಕರ ಒಪ್ಪಿಗೆ ಪಡೆದು ಅದರ ಒಂದು ಗಾಜನ್ನು ತೆಗೆಸಿ, ಅದೇ ಅಳತೆಯ ಪ್ಲೈವುಡ್ ತುಂಡಿಗೆ ದುಂಡನೆಯ ತೂತು ಕೊರೆಸಿ ಕೂರಿಸಿದೆ. ಬೀರುವಿನ ಮೇಲ್ಹಲಗೆಯಲ್ಲಿ ಇನ್ನೊಂದು ತೂತು. ಮೊದಲು ಮೂರು ಮೀಟರ್ ಉದ್ದದ ಕೊಳವೆಯನ್ನು ಕತ್ತರಿಸದೆ ಸುರುಳಿ ಸುತ್ತಿ ಇಟ್ಟಿದ್ದೆ. ಈಗ ಅದನ್ನು ಐದು ಅಡಿಗೆ ಕತ್ತರಿಸಿ, ಮಡಿಕೆಗಳೆಲ್ಲ ಬಿಚ್ಚುವಂತೆ ಬಿಗಿಯಾಗಿ ಎಳೆದು, ಒಂದೇ ಒಂದು ತಿರುವಿನಲ್ಲಿ ಹೊರಗೆ ಸೇರಿಸಿದ್ದೇನೆ. ಈ ಬದಲಾವಣೆಯಿಂದಲೇ ಫ್ಯಾನಿನ ಏದುಸಿರಿನಂಥ ಸದ್ದು ಅರ್ಧ ಕಡಿಮೆಯಾಯಿತು. ಗಾಳಿ ಒಳಬರಲು ಬೀರುವಿನ ಬಾಗಿಲಿನ ಬುಡದಲ್ಲಿ ಎಂಟು ಇಂಚು ಉದ್ದ, ಆರು ಇಂಚು ಅಗಲದ ಕಿಂಡಿ ಮಾಡಿಸಿ ಸೊಳ್ಳೆ ಜಾಲರಿ ಹೊಡೆಸಿದೆ. ನಾಲ್ಕು ಇಂಚಿನ ಕೊಳವೆಯ ಬಾಯಿ ಹನ್ನೆರಡೂವರೆ ಚದರ ಇಂಚು ಮಾತ್ರ. ಆದರೂ ಜಾಲರಿ ದಾರಿಯ ಬಹಳಷ್ಟನ್ನು ಕಟ್ಟುವುದರಿಂದ, ಒಳಬರುವ ದಾರಿ ಹೊರಹೋಗುವ ದಾರಿಗಿಂತ ಮೂರು ನಾಲ್ಕು ಪಟ್ಟು ದೊಡ್ಡದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಇಷ್ಟಾದ ಮೇಲೆ ಪರೀಕ್ಷೆಗೆ ದೇವರ ಕೋಣೆಯಿಂದ ಒಂದು ಊದುಬತ್ತಿ ತಂದೆ. ಮೈಸೂರಿನ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಕರಣ ಸಿಗುವುದಿಲ್ಲ. ಬಾಗಿಲಿನ ಬುಡದ ಕಿಂಡಿಗೆ ಹಿಡಿದಾಗ, ನೇರವಾಗಿ ಮೇಲೇಳುತ್ತಿದ್ದ ಹೊಗೆಯ ಎಳೆ ತಟ್ಟನೆ ಬಾಗಿ ಜಾಲರಿಯೊಳಗೆ ನುಸುಳಿತು. ಟೆಂಟಿನ ಜಿಪ್ಪಿನ ಉದ್ದಕ್ಕೂ ಹಿಡಿದೆ. ಅಲ್ಲಿಯೂ ಹೊಗೆ ಒಳಕ್ಕೇ ಹೋಯಿತು. ಟೆಂಟಿನ ಬಟ್ಟೆ ಉಸಿರು ಎಳೆದುಕೊಂಡ ಹೊಟ್ಟೆಯಂತೆ ಸ್ವಲ್ಪ ಒಳಕ್ಕೆ ಬಾಗಿತ್ತು. ಹೀಗಿದ್ದರೆ ಒಳಗಿನ ತೇವ ಫ್ಯಾನಿನ ದಾರಿ ಬಿಟ್ಟು ಬೇರೆಲ್ಲೂ ಸೋರುವುದಿಲ್ಲ. ಬಟ್ಟೆ ತೀರ ಒಳಕ್ಕೆ ಜಗ್ಗಿದ್ದರೆ ಗಾಳಿ ಬರುವ ದಾರಿ ಸಾಲದು ಎಂದು ಅರ್ಥ. ಕೊನೆಗೆ ಫ್ಯಾನಿನಿಂದಾಚೆ, ಕೊಳವೆ ವೆಂಟಿಲೇಟರಿಗೆ ಸೇರುವ ಜಾಗದಲ್ಲಿ ಹಿಡಿದಾಗ ಮಾತ್ರ ಹೊಗೆ ನನ್ನ ಮುಖಕ್ಕೆ ಚದುರಿತು. ಅಲ್ಲಿ ಸಂದಿ ಬಿಟ್ಟಿತ್ತು, ಅಲ್ಯೂಮಿನಿಯಂ ಟೇಪು ಸುತ್ತಿದೆ. ಅಂದು ರಾತ್ರಿ ದೀಪ ಉರಿಯುತ್ತಿರುವಾಗ ಟೆಂಟಿನೊಳಗೆ ಕೋಣೆಗಿಂತ ಮೂರೂವರೆ ಡಿಗ್ರಿ ಮಾತ್ರ ಹೆಚ್ಚಿತ್ತು.

ಆದರೂ ಲೆಟ್ಯೂಸಿನ ನಡುವಿನ ಎಳೆ ಎಲೆಗಳ ಅಂಚು ಕಂದಿ ಸುಡುತ್ತಲೇ ಇತ್ತು. ಸುಣ್ಣದಂಶ ಕಡಿಮೆಯಾಗಿದೆ ಎಂದು ಮೊಟ್ಟೆಯ ಸಿಪ್ಪೆಯ ಪುಡಿ ಹಾಕಿದೆ, ಪ್ರಯೋಜನವಾಗಲಿಲ್ಲ. ಕೊರತೆ ಕ್ಯಾಲ್ಸಿಯಂನದೇ ಹೌದು, ಆದರೆ ಅದು ಮಣ್ಣಿನಲ್ಲಿರಲಿಲ್ಲ. ಬೇರು ಹೀರಿದ ಕ್ಯಾಲ್ಸಿಯಂ ನೀರಿನೊಂದಿಗೆ ಮಾತ್ರ ಮೇಲೇರುತ್ತದೆ, ನೀರು ಮೇಲೇರಬೇಕಾದರೆ ಎಲೆಯಿಂದ ಆವಿ ಹೋಗಬೇಕು. ಒತ್ತಾಗಿ ಮಡಿಚಿಕೊಂಡ ನಡುವಿನ ಎಲೆಗಳ ಸುತ್ತ ಗಾಳಿ ಅಲುಗದೆ ನಿಂತಿರುವುದರಿಂದ ಅಲ್ಲಿಗೆ ಅದು ತಲುಪುವುದೇ ಇಲ್ಲ. ಟೆಂಟಿನ ಗಾಳಿಯನ್ನು ಬದಲಿಸುವುದು ಒಂದು ಕೆಲಸ, ಎಲೆಗಳ ನಡುವೆ ಗಾಳಿ ಆಡಿಸುವುದು ಇನ್ನೊಂದು. ಕಂಬಿಗೆ ಸಿಕ್ಕಿಸುವ ಸಣ್ಣ ಫ್ಯಾನನ್ನು ಗಿಡಗಳ ನೆತ್ತಿಯ ಮೇಲೆ ಹಾಯುವಂತೆ ಇಟ್ಟ ಮೇಲೆ ಹೊಸದಾಗಿ ಬಂದ ಎಲೆಗಳು ಶುದ್ಧವಾಗಿ ಬಂದವು. ಬದನೆ ಸಸಿಗಳ ಬುಡ ಕೊಳೆತು ಒರಗುವುದೂ ಆಮೇಲೆ ನಿಂತಿತು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ ಕಂಡಿತು. ನಮ್ಮ ವೆಂಟಿಲೇಟರ್ ಪಶ್ಚಿಮಕ್ಕಿದೆ. ಮುಂಗಾರಿನ ಗಾಳಿ ಆ ಕಡೆಯಿಂದಲೇ ಬೀಸಿ ಕೊಳವೆಯೊಳಗೆ ಎದುರು ನುಗ್ಗುತ್ತಿತ್ತು. ಹೊರಗೆ ಕೆಳಮುಖವಾಗಿ ಬಾಗಿದ ಮೊಣಕೈ ಪೈಪನ್ನು ಹಾಕಿಸಿದ ಮೇಲೆ ಗಾಳಿಯೂ ಎರಚಲೂ ಒಳಬರುವುದು ನಿಂತಿತು. ಕರೆಂಟು ಹೋದಾಗ ದೀಪ ಆರುವುದರಿಂದ ಬಿಸಿಯ ಚಿಂತೆಯಿಲ್ಲ, ಆದರೆ ತೇವ ಕೂಡುತ್ತದೆ. ಆದ್ದರಿಂದ ಫ್ಯಾನನ್ನು ಮಾತ್ರ ಇನ್ವರ್ಟರ್ ಲೈನಿಗೆ ಕೊಟ್ಟಿದ್ದೇನೆ. ವಿದ್ಯುತ್ತಿನ ಬೋರ್ಡು ನೆಲದ ಮೇಲಿರಬಾರದು, ನೀರು ಹಾಕುವ ಎತ್ತರಕ್ಕಿಂತ ಮೇಲೆಯೇ ಇರಬೇಕು.

ಈಗ ಏಪ್ರಿಲ್. ಮಧ್ಯಾಹ್ನ ಹೊರಗೆ 35 ಡಿಗ್ರಿಯ ಆಸುಪಾಸು ಇದೆ. ಫ್ಯಾನ್ ಎಷ್ಟೇ ವೇಗವಾಗಿ ತಿರುಗಿದರೂ ಒಳಬರುವ ಗಾಳಿಗಿಂತ ತಂಪಾದ ಗಾಳಿಯನ್ನು ಅದು ಕೊಡಲಾರದು. ಅದಕ್ಕಾಗಿ ದೀಪ ಉರಿಯುವ ಹೊತ್ತನ್ನು ಸಂಜೆ ಆರರಿಂದ ಬೆಳಿಗ್ಗೆ ಎಂಟಕ್ಕೆ ಬದಲಿಸಿದ್ದೇನೆ. ಮೈಸೂರಿನ ರಾತ್ರಿಗಳು ಬೇಸಗೆಯಲ್ಲೂ ಅಷ್ಟಿಷ್ಟು ತಂಪಾಗಿರುವುದರ ಲಾಭ ಗಿಡಗಳಿಗೆ ಸಿಗಲಿ ಎಂದು. ಲೆಟ್ಯೂಸ್ ಈ ಬಿಸಿಗೆ ಹೂ ತೆನೆ ಎತ್ತಿ ಕಹಿಯಾಗುವುದರಿಂದ ಅದನ್ನು ಕಿತ್ತು, ಬಿಸಿಲಿಗೆ ಹೆದರದ ದಂಟಿನ ಸೊಪ್ಪನ್ನು ಬಿತ್ತಿದ್ದೇನೆ. ಮತ್ತೆ ಲೆಟ್ಯೂಸ್ ಬೀಜ ಹಾಕುವುದು ಜೂನ್ ಎರಡನೇ ವಾರದಲ್ಲಿ. ಅಷ್ಟರೊಳಗೆ ಬಾಗಿಲಿನ ಜಾಲರಿಗೆ ಹತ್ತಿರುವ ಧೂಳನ್ನು ತೊಳೆಯಬೇಕು, ವೆಂಟಿಲೇಟರಿನ ಬಳಿ ಸುತ್ತಿದ ಟೇಪನ್ನು ಬದಲಿಸಬೇಕು, ಇನ್ನೊಮ್ಮೆ ಊದುಬತ್ತಿ ಹಿಡಿದು ನೋಡಬೇಕು.