ವಿಡಿಯೊಗಿಂತ ಮೊದಲು ಪ್ರಶ್ನೆ

ಬೇರೆ ದೇಶದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳಿಗೆ ನಾನು ಆನ್‌ಲೈನ್‌ನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಇಡೀ ಕೋರ್ಸ್ ನೋಡಿಕೊಂಡು ಬನ್ನಿ ಎಂದು ಹೇಳುವುದಿಲ್ಲ. ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವ ಮುಕ್ತ ಕೋರ್ಸ್‌ಗಳಿಂದ ಐದಾರು ನಿಮಿಷದ ತುಣುಕುಗಳನ್ನು ಆರಿಸಿ ನನ್ನ ಪಾಠದೊಳಗೆ ಸೇರಿಸುತ್ತೇನೆ.

ತುಣುಕು ಚಿಕ್ಕದಿರಬೇಕು ಎನ್ನುವುದಕ್ಕೆ ಆಧಾರವಿದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವಿಡಿಯೊ ಎಷ್ಟೇ ಉದ್ದವಿರಲಿ, ನೋಡುವ ಅವಧಿಯ ಮಧ್ಯಾಂಕ (ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಬೆಲೆ) ಆರು ನಿಮಿಷವನ್ನು ದಾಟಲಿಲ್ಲ. ಆದರೆ ಅಲ್ಲಿ ಅಳೆದದ್ದು ನೋಡಿದ ಹೊತ್ತನ್ನು, ಕಲಿತದ್ದನ್ನಲ್ಲ. ಕಲಿಸುವುದು ವಿಡಿಯೊಗಿಂತ ಮೊದಲು ಕೇಳುವ ಪ್ರಶ್ನೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸ್ಟ್ಯಾಂಡರ್ಡ್ ಎರರ್, ಅಂದರೆ ಒಂದು ಸಮೀಕ್ಷೆಯಿಂದ ಇನ್ನೊಂದಕ್ಕೆ ಸರಾಸರಿ ಎಷ್ಟು ಏರುಪೇರಾಗುತ್ತದೆ ಎಂಬ ಅಳತೆಯ ಪಾಠವನ್ನೇ ನೋಡಿ. ಸಮೀಕ್ಷೆಯಲ್ಲಿ ಹತ್ತು ಜನರ ಬದಲು ಸಾವಿರ ಜನರನ್ನು ಅಳೆದರೆ ಸರಾಸರಿಯ ಏರುಪೇರು ಎಷ್ಟು ಪಟ್ಟು ತಗ್ಗುತ್ತದೆ? ಊಹೆಯನ್ನು ಎಲ್ಲರೂ ಬರೆದೇ ತೀರಬೇಕು. ನೂರು ಪಟ್ಟು ಎಂದು ಬರೆಯುವವರೇ ಹೆಚ್ಚು. ಆಮೇಲೆ ತುಣುಕಿನಲ್ಲಿ ನೂರರ ವರ್ಗಮೂಲ ಬಂದು ಉತ್ತರ ಬರೀ ಹತ್ತು ಎಂದಾಗ, ಸೂತ್ರ ಅವರ ಪಾಲಿಗೆ ಬಾಯಿಪಾಠದ ಸರಕಾಗಿ ಉಳಿಯುವುದಿಲ್ಲ. ಹೀಗೇಕೆ ಎಂದು ಅವರೇ ಕೇಳುತ್ತಾರೆ. ತರಗತಿಯ ಉಳಿದ ಹೊತ್ತೆಲ್ಲ ಆ ‘ಏಕೆ’ಗೆ ಮೀಸಲು.

ಉದಾಹರಣೆಗಳದ್ದು ಬೇರೆಯೇ ತೊಡಕು. ಅಮೆರಿಕದ ಕೋರ್ಸ್‌ಗಳಲ್ಲಿ ಬೇಸ್‌ಬಾಲ್ ಅಂಕಿಅಂಶಗಳು ಹೇರಳ. ಆ ಆಟವನ್ನೇ ನೋಡದವರ ಗಮನ ಗಣಿತ ಬಿಟ್ಟು ಆಟದ ನಿಯಮಗಳತ್ತ ಹೊರಳುತ್ತದೆ. ಹಾಗಾಗಿ ವಿವರಣೆಯ ಭಾಗವನ್ನಷ್ಟೇ ತೋರಿಸಿ, ದತ್ತಾಂಶವನ್ನು ಅವರಿಂದಲೇ ತರಿಸುತ್ತೇನೆ: ತಮ್ಮ ನಗರದ ಮಳೆ, ಬಸ್ ಬರುವ ಹೊತ್ತು. ಅವರ ಊರು ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ವಿವರಿಸುವ ಹೊಣೆ ಅವರದಾದಾಗ ಮಾತಾಡದವರೂ ಮಾತಾಡುತ್ತಾರೆ. ನನಗೆ ಅತ್ಯಂತ ಪ್ರಿಯವಾದ ತರಗತಿಗಳು ಇವೇ.

ಉಚಿತವಾಗಿ ಕಾಣಸಿಗುವುದೆಲ್ಲ ಮರುಬಳಕೆಗೆ ಮುಕ್ತವಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಉಚಿತ ಪಾಠಗಳ ತಾಣ ಓಪನ್‌ಕೋರ್ಸ್‌ವೇರ್‌ನ ಕ್ರಿಯೇಟಿವ್ ಕಾಮನ್ಸ್ (ಮರುಬಳಕೆಗೆ ಮೊದಲೇ ಒಪ್ಪಿಗೆ ಕೊಡುವ) ಪರವಾನಗಿಯಡಿ, ಮೂಲವನ್ನು ಹೆಸರಿಸಿ, ವಾಣಿಜ್ಯ ಉದ್ದೇಶವಿಲ್ಲದೆ ಪಾಠವನ್ನು ಕತ್ತರಿಸಬಹುದು, ಅನುವಾದಿಸಬಹುದು. ಫಲಿತವನ್ನು ಅದೇ ಷರತ್ತಿನಲ್ಲಿ ಹಂಚಬೇಕು. ಇಂಥ ಪರವಾನಗಿ ಇಲ್ಲದ ಕಡೆ ನಾನು ಕೊಂಡಿಯನ್ನಷ್ಟೇ ಕಳುಹಿಸುತ್ತೇನೆ. ಅದೂ ಎಲ್ಲ ದೇಶಗಳಲ್ಲಿ ತೆರೆದುಕೊಳ್ಳುವುದಿಲ್ಲ: 2014ರ ಜನವರಿಯಲ್ಲಿ ಅಮೆರಿಕದ ರಫ್ತು ನಿರ್ಬಂಧಗಳಿಂದಾಗಿ ಇರಾನ್, ಕ್ಯೂಬಾ, ಸುಡಾನ್‌ಗಳಲ್ಲಿ ಕೋರ್ಸೆರಾ ಎಂಬ ಆನ್‌ಲೈನ್ ಕೋರ್ಸ್ ತಾಣ ಬಾಗಿಲು ಮುಚ್ಚಿತು. ಆದ್ದರಿಂದ ಸೆಮಿಸ್ಟರ್ ಆರಂಭಕ್ಕೆ ಮುನ್ನವೇ ಪ್ರತಿ ಕೊಂಡಿಯನ್ನೂ ನನ್ನ ಒಬ್ಬ ವಿದ್ಯಾರ್ಥಿ ತನ್ನ ದೇಶದಿಂದಲೇ ಮೊಬೈಲ್‌ನಲ್ಲಿ ತೆರೆದು ನೋಡಿ ನನಗೆ ತಿಳಿಸುತ್ತಾನೆ.