ಬಕೆಟಿನ ಸದ್ದಿಗೆ ಇಳಿಯುವ ಹಾಲು

ಚನ್ನರಾಯಪಟ್ಟಣದ ಬಳಿಯ ನಮ್ಮ ಊರಿನ ಕೊಟ್ಟಿಗೆಯಲ್ಲಿ ಅಮ್ಮ ಬೆಳಗಿನ ಜಾವ ಹಾಲಿನ ಬಕೆಟನ್ನು ಚಪ್ಪಡಿಯ ಮೇಲಿಟ್ಟ ಸದ್ದಾದೊಡನೆ ಗೌರಿಯ ಕಿವಿಗಳು ಅತ್ತ ತಿರುಗುತ್ತವೆ. ಅಮ್ಮನ ಕೈ ಇನ್ನೂ ಕೆಚ್ಚಲಿಗೆ ತಾಗಿರುವುದಿಲ್ಲ, ಅಷ್ಟರಲ್ಲೇ ಮೊಲೆಗಳು ಬಿಗಿದು ತುದಿಯಿಂದ ಒಂದೆರಡು ಹನಿ ಹಾಲು ಹುಲ್ಲಿನ ಮೇಲೆ ತೊಟ್ಟಿಕ್ಕುತ್ತದೆ. "ಆಗ್ಲೇ ಸೊರ ಬಿಟ್ಲು ನೋಡು" ಎನ್ನುತ್ತಾರೆ ಅಮ್ಮ. ದಿನವಿಡೀ ಹಿತ್ತಲಿನಲ್ಲಿ ಎಷ್ಟೋ ಪಾತ್ರೆಗಳು ಸದ್ದು ಮಾಡಿದರೂ ಗೌರಿ ತಲೆ ಎತ್ತುವುದಿಲ್ಲ, ಏಕೆಂದರೆ ಆ ಸದ್ದುಗಳ ಹಿಂದೆ ಹಾಲು ಕರೆಯುವ ಕೆಲಸ ಬರುವುದಿಲ್ಲ.

ಕರು ಮೊಲೆಗೆ ಬಾಯಿಟ್ಟಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಹಾಲನ್ನು ಇಳಿಸುವುದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಬಕೆಟಿನ ಸದ್ದಿಗೇ ಹಾಲಿಳಿಯುವುದು ಕಲಿತದ್ದು. ಇದನ್ನೇ ಶಾಸ್ತ್ರೀಯ ಅನುಬಂಧನ ಎನ್ನುತ್ತಾರೆ. ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಇವಾನ್ ಪಾವ್ಲೋವ್, ಆಹಾರ ಬಾಯಿಗೆ ಬೀಳುವ ಮೊದಲೇ ನಾಯಿಗಳು ಜೊಲ್ಲು ಸುರಿಸುವುದನ್ನು ಗಮನಿಸಿ, ತಾಳ ಹಿಡಿಯುವ ಯಂತ್ರವಾದ ಮೆಟ್ರೋನೋಮಿನ ಟಕಟಕ ಸದ್ದಿನ ಬೆನ್ನಿಗೇ ಆಹಾರ ಕೊಡುತ್ತ ಹೋದರು; ಕೊನೆಗೆ ಆ ಸದ್ದೊಂದೇ ಜೊಲ್ಲು ಬರಿಸಲು ಸಾಕಾಯಿತು.

ಆದರೆ ಹಿತದಂತೆ ಭಯವೂ ಹೀಗೆಯೇ ಅಂಟಿಕೊಳ್ಳುತ್ತದೆ, ಅದೂ ಬಹಳ ಬೇಗ. ಎರಡು ಮಳೆಗಾಲಗಳ ಹಿಂದೆ, ಗಂಬೂಟು ಹಾಕಿಕೊಂಡು ಬಂದ ಒಬ್ಬರು ಹಾಲು ಕರೆಯುವ ಹೊತ್ತಿನಲ್ಲೇ ಗೌರಿಗೆ ಒರಟಾಗಿ ಇಂಜೆಕ್ಷನ್ ಚುಚ್ಚಿ ಹೋದರು. ಮರುದಿನ ಅಮ್ಮನೇ ಗಂಬೂಟು ತೊಟ್ಟು ಬಂದಾಗ ಹಸು ನಡುಗಿತು, ಹಾಲನ್ನು ಮೇಲಕ್ಕೆಳೆದುಕೊಂಡಿತು. ಹೆದರಿದ ದೇಹದಲ್ಲಿ ಹೆಚ್ಚುವ ಅಡ್ರಿನಲಿನ್ ಆಕ್ಸಿಟೋಸಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಅದನ್ನು ಮೊಂಡುತನವೆಂದು ಹೊಡೆಯುವುದು ಘೋರ ಅನ್ಯಾಯವೆಂದೇ ನನ್ನ ಭಾವನೆ, ಪೆಟ್ಟು ಬಿದ್ದಷ್ಟೂ ಆ ಭಯ ಗಟ್ಟಿಯಾಗುತ್ತದೆ.

ಅಮ್ಮ ಹೊಡೆಯಲಿಲ್ಲ. ಅದೇ ಗಂಬೂಟು ತೊಟ್ಟು, ಮೊದಲು ಬಾಗಿಲಲ್ಲಿ, ಆಮೇಲೆ ಗೊಂತಿನ ಬಳಿ ನಿಂತು, ದಿನವೂ ಒಂದು ಹಿಡಿ ನೆನೆಸಿದ ಹಿಂಡಿ ತಿನ್ನಿಸಿದರು. ಮೂರು ವಾರಗಳಲ್ಲಿ ನಡುಕ ನಿಂತಿತು. ಬೇಸಿಗೆಯಲ್ಲಿ ಮೂಲೆ ಸೇರಿದ್ದ ಗಂಬೂಟು ಮುಂದಿನ ಮಳೆಗೆ ಹೊರಬಂದಾಗ ಮಾತ್ರ ಗೌರಿ ಮತ್ತೆ ಬೆಚ್ಚಿತು. ಆಹಾರವಿಲ್ಲದೆ ಬರೀ ಸದ್ದು ಕೇಳಿಸಿ ನಿಲ್ಲಿಸಿದ್ದ ಜೊಲ್ಲು ವಿರಾಮದ ನಂತರ ತಾನಾಗಿ ಮರಳುವುದನ್ನು ಪಾವ್ಲೋವ್ ಕೂಡ ಕಂಡಿದ್ದರು: ಹಳೆಯ ಕಲಿಕೆ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸದೊಂದು ಕೂರುತ್ತದೆ, ಅಷ್ಟೆ.

ಅಮ್ಮ ಮತ್ತೆ ಹಿಂಡಿ ನೆನೆಸಿದರು. ಈ ಬಾರಿ ನಾಲ್ಕೇ ದಿನ ಸಾಕಾಯಿತು.