ಘಟಸ್ಥಾಪನೆಯ ದಿನ ನಿಂತ ಬಿಲ್ಲು

ಬೆಳಗಾವಿಯ ಅಂಗಡಿಗಳಲ್ಲಿ ಮತ್ತು ಉದ್ಯಮಬಾಗದ ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸವನ್ನು ನಾನು ಹದಿನೆಂಟು ವರ್ಷಗಳಿಂದ ಮಾಡುತ್ತಿದ್ದೇನೆ. ಲೇಥಿಗೆ ಎಣ್ಣೆ ಬಿಡುವುದನ್ನು ಯಾರೂ ಮರೆಯದ ಈ ಊರಿನಲ್ಲಿ ಸಾಫ್ಟ್‌ವೇರಿಗೂ ಆರೈಕೆ ಬೇಕೆಂದು ಒಪ್ಪಿಸುವುದು ಇಂದಿಗೂ ಕಷ್ಟ. “ನಡದೈತಲ್ಲರೀ, ಸುಮ್ಮನ ಯಾಕ ಕೈ ಹಚ್ಚತೀರಿ?” ಎಂಬ ಮಾತನ್ನು ಕೇಳದ ವಾರವಿಲ್ಲ. ಅದನ್ನು ಜಿಪುಣತನವೆಂದು ನಾನು ತಿಳಿಯುವುದಿಲ್ಲ. ಯಾರೋ ಕೈ ಹಚ್ಚಿದ್ದರಿಂದಲೇ ಎರಡು ದಿನ ಬಿಲ್ಲು ನಿಂತ ಅನುಭವ ಬಹಳಷ್ಟು ಸಾವುಕಾರರಿಗೆ ಇದೆ.

2025ರ ಸೆಪ್ಟೆಂಬರ್ 22ರಂದು, ಘಟಸ್ಥಾಪನೆಯ ದಿನವೇ, ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದವು. ಸಿಮೆಂಟಿನ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು, ಕಬ್ಬಿಣಕ್ಕೆ ಮೊದಲಿದ್ದ ಶೇ. 18 ಹಾಗೆಯೇ ಉಳಿಯಿತು. ಟ್ಯಾಲಿ ಎಂಬ ಸಿದ್ಧ ಲೆಕ್ಕದ ಸಾಫ್ಟ್‌ವೇರ್ ಇಟ್ಟುಕೊಂಡವರು ದರ ತಿದ್ದಿ ವ್ಯಾಪಾರ ಮುಂದುವರಿಸಿದರು. ನನಗೆ ಫೋನ್ ಬಂದದ್ದು ಸಿಮೆಂಟು, ಕಬ್ಬಿಣ ಮಾರುವ ಒಂದು ಹಳೆಯ ಅಂಗಡಿಯಿಂದ. ಅಲ್ಲಿಯ ಬಿಲ್ಲಿಂಗ್ ಪ್ರೋಗ್ರಾಮನ್ನು ಹಳೆಯ ಪ್ರೋಗ್ರಾಮಿಂಗ್ ಭಾಷೆಯಾದ ವಿಷುಯಲ್ ಫಾಕ್ಸ್‌ಪ್ರೊದಲ್ಲಿ ಬರೆದಿದ್ದ ಹುಡುಗ ಪುಣೆಗೆ ಹೋಗಿ ಬಹಳ ವರ್ಷಗಳಾಗಿದ್ದವು. 2017ರಲ್ಲಿ ಜಿಎಸ್‌ಟಿ ಬಂದಾಗ ರಜೆ ಹಾಕಿ ಬಂದು ತಿದ್ದಿಕೊಟ್ಟಿದ್ದ ಅವನ ಫೋನ್ ನಂಬರು ಈ ಸಲ ಹತ್ತಲಿಲ್ಲ. ಆ ಭಾಷೆಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲವೂ 2015ರ ಜನವರಿಯಲ್ಲಿಯೇ ಮುಗಿದಿದೆ.

ಕಂಪ್ಯೂಟರಿನಲ್ಲಿ ‘ಬಿಲ್’, ‘ಬಿಲ್ ನ್ಯೂ’, ‘ಬಿಲ್ ನ್ಯೂ 2’ ಎಂಬ ಮೂರು ಫೋಲ್ಡರುಗಳಿದ್ದವು. ಪುಣ್ಯಕ್ಕೆ ಎರಡನೆಯದರಲ್ಲಿ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮನ್ನು ತಿದ್ದಲು ಬೇಕಾದ ಮೂಲ ಬರಹ, ಸಿಕ್ಕಿತು. ಬಿಲ್ಲಿನ ಮುದ್ರಣ, ತೆರಿಗೆಯ ಗೋಷ್ವಾರೆ, ಕ್ರೆಡಿಟ್ ನೋಟು ಎಲ್ಲ ಕಡೆಯೂ 28 ಎಂಬ ಅಂಕಿಯನ್ನು ನೇರವಾಗಿ ಕೋಡಿನಲ್ಲಿಯೇ ಬರೆಯಲಾಗಿತ್ತು. ಎಲ್ಲವನ್ನೂ 18 ಮಾಡಿದರೆ ಅಂದಿನ ಬಿಲ್ಲೇನೋ ಸರಿಹೋಗುತ್ತಿತ್ತು. ಆದರೆ ಆಗಸ್ಟಿನಲ್ಲಿ ಮಾರಿದ ಚೀಲಗಳು ಮರಳಿ ಬಂದರೆ ಅವುಗಳ ಕ್ರೆಡಿಟ್ ನೋಟಿನಲ್ಲಿ ಮೂಲ ಬಿಲ್ಲಿನ ಶೇ. 28 ದರವೇ ಇರಬೇಕು. ಆದ್ದರಿಂದ ಯಾವ ಮಾಲಿಗೆ ಯಾವ ತಾರೀಖಿನಿಂದ ಯಾವ ದರ ಎಂಬುದನ್ನು ಬೇರೆ ಟೇಬಲ್ಲಿನಲ್ಲಿಟ್ಟು, ಬಿಲ್ಲಿನ ತಾರೀಖು ನೋಡಿ ದರ ತೆಗೆದುಕೊಳ್ಳುವಂತೆ ಮಾಡುವಷ್ಟರಲ್ಲಿ ಸಂಜೆ ನಾಲ್ಕಾಯಿತು. ಅಲ್ಲಿಯವರೆಗೆ ಅಂಗಡಿಯ ಲೆಕ್ಕ ಬರೆಯುವ ವಯಸ್ಸಾದ ದಿವಾಣಜಿಯವರು ಕಾರ್ಬನ್ ಹಾಳೆ ಇಟ್ಟು ಕೈಯಲ್ಲಿಯೇ ಬಿಲ್ಲು ಬರೆದರು.

ಇದರಲ್ಲಿ ಸಾವುಕಾರರೊಬ್ಬರದೇ ತಪ್ಪಿಲ್ಲ. ಗಿರಾಕಿ ಬೇರೆಯವರ ಹತ್ತಿರ ಹೋಗಬಾರದೆಂದು ಸೋರ್ಸ್ ಕೋಡನ್ನು ಕೊಡದೆ ಇಟ್ಟುಕೊಳ್ಳುವವರು ನಮ್ಮ ವೃತ್ತಿಯಲ್ಲಿ ಬಹಳ ಜನ, ಮೊದಲು ನಾನೂ ಹಾಗೆ ಮಾಡಿದ್ದೇನೆ. ವರ್ಷದ ನಿರ್ವಹಣೆಗೆ ಇಷ್ಟೆಂದು ಮೊದಲೇ ಮಾತಾಡದೆ, ಕೆಟ್ಟಾಗ ಬಂದು ಹೋದದ್ದಕ್ಕೆ ಮಾತ್ರ ಹಣ ಪಡೆಯುವ ರೂಢಿಯಿಂದ ಎರಡು ಕಡೆಗೂ ನಷ್ಟವೇ ಆಗಿದೆ.

ಮೂರು ವಾರಗಳ ನಂತರ, ಅಕ್ಟೋಬರ್ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಅದರೊಂದಿಗೆ ಬರುತ್ತಿದ್ದ ಭದ್ರತೆಯ ಅಪ್‌ಡೇಟುಗಳೂ ಮುಗಿದವು. ಆ ಅಂಗಡಿಯ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಅರ್ಹವಲ್ಲ, ಹೊಸದಕ್ಕೆ ಆ ವರ್ಷ ಹಣವಿರಲಿಲ್ಲ. 2017ರ ಮೇ ತಿಂಗಳಲ್ಲಿ ಹರಡಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶವನ್ನು ತಡೆಯುವ ಅಪ್‌ಡೇಟು ಮಾರ್ಚಿನಲ್ಲಿಯೇ ಬಂದಿದ್ದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದದ್ದನ್ನು ವಿವರಿಸಿದ ಮೇಲೆ, ಬಿಲ್ಲಿಂಗ್ ಯಂತ್ರದ ಇಂಟರ್ನೆಟ್ ತೆಗೆಸಿ, ಜಿಎಸ್‌ಟಿ ಪೋರ್ಟಲಿನ ಕೆಲಸವನ್ನು ಮಗನ ಲ್ಯಾಪ್‌ಟಾಪಿಗೆ ವರ್ಗಾಯಿಸಲು ಸಾವುಕಾರರು ಒಪ್ಪಿದರು.

ದೀಪಾವಳಿ ಪಾಡ್ಯದಿಂದ ತಿಂಗಳಿಗಿಷ್ಟು ಎಂದು ನಿಗದಿಯಾಯಿತು. ನಾನು ಮಾಡಿದ ಮೊದಲ ಕೆಲಸವೆಂದರೆ ಅವರ ಪೆನ್‌ಡ್ರೈವಿನ ಬ್ಯಾಕಪ್ಪನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ್ದು. ಅದು ತೆರೆಯಲಿಲ್ಲ. ಪ್ರತಿದಿನ ರಾತ್ರಿ ತಪ್ಪದೆ ನಡೆಯುತ್ತಿದ್ದ ಆ ನಕಲಿನಲ್ಲಿ ಡಿಬಿಎಫ್ ಎಂಬ ಮುಖ್ಯ ಮಾಹಿತಿಯ ಫೈಲುಗಳಷ್ಟೇ ಇದ್ದವು, ಅವುಗಳ ಜೊತೆಗಿರಬೇಕಾದ, ಉದ್ದನೆಯ ಬರಹಗಳನ್ನು ಇಡುವ ಎಫ್‌ಪಿಟಿ ಎಂಬ ಮೆಮೊ ಫೈಲುಗಳು ಒಂದೂ ಇರಲಿಲ್ಲ. ಈಗ ಇಡೀ ಫೋಲ್ಡರೇ ನಕಲಾಗುತ್ತದೆ. ಸೋರ್ಸ್ ಕೋಡಿನ ಒಂದು ಪ್ರತಿ ಅವರ ತಿಜೋರಿಯಲ್ಲಿದೆ, ಪ್ರತಿ ತಿಂಗಳ ಮೊದಲ ಭಾನುವಾರ ಬ್ಯಾಕಪ್ಪನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಹಿಂದಿನ ದಿನದ ಕೊನೆಯ ಬಿಲ್ಲನ್ನು ದಿವಾಣಜಿಯವರಿಗೆ ತೋರಿಸುತ್ತೇನೆ.